ಬೇರಿಗೆ ಬೆಲೆಯಿಲ್ಲ, ಚೀಲಕ್ಕೆ ಸಹಾಯಧನ

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳ ಕನ್ನಡಿಗರ ಕೂಟಗಳಲ್ಲಿ ಊರಿನ ಬೇಸಾಯದ ಮಾತು ಬಂದರೆ ಅದು ಬೇಗನೆ ಶ್ರದ್ಧಾಂಜಲಿಯ ಸ್ವರಕ್ಕೆ ತಿರುಗುತ್ತದೆ. ರಾಗಿ ಹೊಲದ ಅಕ್ಕಡಿ ಸಾಲು, ಅದರಲ್ಲಿ ಬೆಳೆಯುತ್ತಿದ್ದ ಅವರೆ, ತೊಗರಿ, ಅಲಸಂದೆ, ಮಾಗಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ, ಇವನ್ನೆಲ್ಲ ನೆನೆದ ಮೇಲೆ ಒಂದು ತೀರ್ಪು ಹೊರಬೀಳುತ್ತದೆ: ಹಿರಿಯರಿಗೆ ಎಲ್ಲವೂ ತಿಳಿದಿತ್ತು, ಇಂದಿನ ರೈತ ಯೂರಿಯಾದ ಆಸೆಗೆ ಬಿದ್ದು ಮರೆತ. ಈ ತೀರ್ಪನ್ನು ನಾನು ಒಪ್ಪಲಾರೆ. ರೈತ ಏನನ್ನೂ ಮರೆತಿಲ್ಲ. ಅವನಿಗೂ, ಬೀಜವನ್ನು ಬೂದಿಯಲ್ಲಿ ಕಲಸಿ ಕಾಪಿಟ್ಟ ಅವನ ಮನೆಯ ಹೆಂಗಸರಿಗೂ ಲೆಕ್ಕ ಚೆನ್ನಾಗಿ ಗೊತ್ತಿದೆ. ಆ ಲೆಕ್ಕವನ್ನು ಬರೆದದ್ದು ಪ್ರಭುತ್ವ, ತಿದ್ದಬೇಕಾದದ್ದೂ ಅದೇ.

ಮೊದಲು ಬೇರಿನ ಲೆಕ್ಕವನ್ನು ನೋಡೋಣ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಅದರ ಅಣುವಿನೊಳಗಿನ ಬಂಧ ಅತ್ಯಂತ ಬಿಗಿಯಾದುದರಿಂದ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ದ್ವಿದಳ ಧಾನ್ಯದ ಗಿಡಗಳು ಇದಕ್ಕೆ ಕಂಡುಕೊಂಡ ದಾರಿ ಪಾಲುದಾರಿಕೆ. ಮಣ್ಣಿನ ರೈಜೋಬಿಯಂ ಬ್ಯಾಕ್ಟೀರಿಯಾಗಳು ಬೇರಿನ ಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿ ಮಾರ್ಪಡಿಸುತ್ತವೆ. ಪ್ರತಿಯಾಗಿ ಗಿಡ ತನ್ನ ಎಲೆಗಳಲ್ಲಿ ತಯಾರಾದ ಆಹಾರವನ್ನು ಅವುಗಳಿಗೆ ಉಣಿಸುತ್ತದೆ. ಕೆಲಸ ನಡೆಯುತ್ತಿರುವ ಗಂಟನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಬಂಧುವಾದ ಪ್ರೋಟೀನೊಂದು ಅಲ್ಲಿ ಆಮ್ಲಜನಕವನ್ನು ಹಿಡಿತದಲ್ಲಿಡುತ್ತದೆ, ಏಕೆಂದರೆ ಸಾರಜನಕವನ್ನು ಒಡೆಯುವ ಕಿಣ್ವವು ಆಮ್ಲಜನಕ ಸೋಕಿದರೆ ಕೆಡುತ್ತದೆ. ಈ ಇಡೀ ವ್ಯವಸ್ಥೆ ಗಿಡಕ್ಕೆ ದುಬಾರಿ. ಆದುದರಿಂದಲೇ ಮಣ್ಣಿನಲ್ಲಿ ಸಿದ್ಧ ಸಾರಜನಕ ಹೇರಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಅಕ್ಕಡಿಯನ್ನು ಕೈಬಿಟ್ಟ ರೈತ ಮಾಡಿದ್ದೂ ಅದನ್ನೇ. ಗಿಡವನ್ನು ವಿವೇಕಿಯೆಂದು ಕರೆದು ರೈತನನ್ನು ಮರೆಗುಳಿಯೆಂದು ಜರೆಯುವುದು ಯಾವ ನ್ಯಾಯ?

ಇನ್ನು ಚೀಲದ ಲೆಕ್ಕ. ಭಾರತದಲ್ಲಿ 45 ಕಿಲೋ ಯೂರಿಯಾ ಚೀಲದ ನಿಗದಿತ ಬೆಲೆ, ತೆರಿಗೆ ಮತ್ತು ಬೇವಿನ ಲೇಪನದ ಶುಲ್ಕ ಬಿಟ್ಟರೆ, 242 ರೂಪಾಯಿ. 2010ರ ಏಪ್ರಿಲ್‌ನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ಪೋಷಕಾಂಶ ಆಧಾರಿತ ಸಹಾಯಧನದ ಪದ್ಧತಿಗೆ ತಂದಾಗ ಯೂರಿಯಾವನ್ನು ಮಾತ್ರ ಹೊರಗಿಡಲಾಯಿತು. ಉಳಿದ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಅಲ್ಲೇ ನಿಂತಿತು. ಇತ್ತೀಚಿನ ವರ್ಷಗಳಲ್ಲಿ ಇದಕ್ಕಾಗಿ ಬೊಕ್ಕಸ ಭರಿಸಿರುವ ಮೊತ್ತ ವರ್ಷಕ್ಕೆ 1 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಅದೇ ಸಾರಜನಕವನ್ನು ಅವರೆಯ ಬೇರು ತಂದರೆ ಅದಕ್ಕೆ ಯಾವ ಲೆಕ್ಕಪುಸ್ತಕದಲ್ಲಿಯೂ ಜಾಗವಿಲ್ಲ.

ಬೇಳೆಗಾದರೂ ಬೆಲೆಯುಂಟೇ? 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಸರ್ಕಾರ ರೈತರನ್ನು ಹುರಿದುಂಬಿಸಿತು, ಜೊತೆಗೆ 2016ರಲ್ಲಿ ಮೊಜಾಂಬಿಕ್‌ನೊಂದಿಗೆ ಆಮದು ಒಪ್ಪಂದವನ್ನೂ ಮಾಡಿಕೊಂಡಿತು. ಕಲಬುರಗಿಯ ರೈತರು ಬಿತ್ತಿದರು, ಮಳೆಯೂ ಕೈಹಿಡಿಯಿತು. ಆದರೆ 2016-17ರ ಫಸಲು ಮಾರುಕಟ್ಟೆಗೆ ಬಂದಾಗ ಧಾರಣೆ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಕ್ಕೆ ಕುಸಿಯಿತು. 2019ರಲ್ಲಿ ಆ ಜಿಲ್ಲೆಯ ತೊಗರಿಗೆ ಭೌಗೋಳಿಕ ಗುರುತಿನ ಮನ್ನಣೆ ಬಂದಿತು. ಹೆಸರಿಗೆ ಮಾನ ದೊರೆಯಿತು, ಬೆಳೆಗೆ ಖಾತರಿ ದೊರೆಯಲಿಲ್ಲ. ಬೆಲೆ ಏರಿದಾಗ ಆಮದು, ಇಳಿದಾಗ ಮೌನ: ಇದು ನಗರದ ತಟ್ಟೆಯನ್ನು ಕಾಯುವ ನೀತಿ. ನಮ್ಮ ಸೋಹೋ ರೋಡಿನ ಅಂಗಡಿಯ ಬೇಳೆ ಪೊಟ್ಟಣದ ಮೇಲೆ ಮಲಾವಿ, ತಾಂಜಾನಿಯಾಗಳ ಹೆಸರು ಕಂಡಾಗ ಇದೂ ನೆನಪಾಗಬೇಕು. ಆಫ್ರಿಕಾದ ಸಣ್ಣ ರೈತನನ್ನು ಕರ್ನಾಟಕದ ಸಣ್ಣ ರೈತನ ಎದುರು ನಿಲ್ಲಿಸಿ ಇಬ್ಬರನ್ನೂ ಅಗ್ಗವಾಗಿಸುವ ವ್ಯಾಪಾರ ಇದು.

ಈ ವಿಫಲತೆಯ ಜಾಗವನ್ನು ಇಂದು ತುಂಬುತ್ತಿರುವುದು ಪರಂಪರೆಯ ಜಪ. 2019ರ ಕೇಂದ್ರ ಬಜೆಟ್ ಭಾಷಣದಲ್ಲಿಯೇ ಶೂನ್ಯ ಬಂಡವಾಳ ಕೃಷಿಗೆ ಜೈಕಾರ ಮೊಳಗಿತು. ಗಾಳಿಯಲ್ಲಿ ಸಾರಜನಕವಿದೆ, ಹಸುವಿನ ಸಗಣಿ, ಗಂಜಲ ಸಾಕು ಎಂಬ ವಾದ ಕೇಳಲು ಹಿತ. ಆದರೆ ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಅನ್ನ ಇಂದು ಕಾರ್ಖಾನೆಯ ಸಾರಜನಕವನ್ನು ಅವಲಂಬಿಸಿದೆ. ಕಾಳನ್ನು ಕೊಯ್ದು ಮಾರಿದಾಗ ಬೇರು ಗಳಿಸಿದ ಸಾರಜನಕದ ದೊಡ್ಡ ಪಾಲು ಕಾಳಿನೊಡನೆ ಹೊಲ ಬಿಟ್ಟು ಹೋಗುತ್ತದೆ. ಮುಂದಿನ ಬೆಳೆಗೆ ಉಳಿಯುವುದು ಸ್ವಲ್ಪ. 2021ರಲ್ಲಿ ಶ್ರೀಲಂಕಾ ಸರ್ಕಾರ ಇದ್ದಕ್ಕಿದ್ದಂತೆ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿ, ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಭತ್ತದ ಬೆಳೆ ಕುಸಿಯಿತು. ಪಾಠ ಕಲಿತ ಬೆಲೆಯನ್ನು ತೆತ್ತವರು ಬಡವರು.

ಪರಂಪರೆಯ ಜಪದಲ್ಲಿ ಇನ್ನೊಂದು ಮೋಸವಿದೆ. ಅಕ್ಕಡಿಯ ಬೆಳೆಗಳು ಬೇರೆಬೇರೆ ಕಾಲಕ್ಕೆ ಕೊಯ್ಲಿಗೆ ಬರುತ್ತವೆ. ಕಾಯಿ ಬಿಡಿಸಿದವರು, ಬಡಿದವರು, ಒಕ್ಕಿದವರು ಬಹುಪಾಲು ಹೆಂಗಸರು ಮತ್ತು ದಲಿತ ಕೂಲಿಗಳು. ಹೂಮಾಲೆ ಋಷಿಗಳಿಗೆ, ಬೆನ್ನುನೋವು ಇವರಿಗೆ. ಅವರ ಕೂಲಿಯ ಮಾತೆತ್ತದೆ ಅಕ್ಕಡಿಯನ್ನು ಮರಳಿ ತರುತ್ತೇವೆ ಎನ್ನುವವರು ಬಿಟ್ಟಿ ದುಡಿಮೆಯನ್ನೇ ಮರಳಿ ಕರೆಯುತ್ತಿದ್ದಾರೆ.

ಬೇರಿನ ದುಡಿಮೆಗೆ ಸರ್ಕಾರ ಹಣ ಕೊಡುವುದುಂಟೇ ಎಂದು ನಗುವವರು ನಾವು ಬದುಕುತ್ತಿರುವ ನೆಲವನ್ನು ನೋಡಲಿ. 18ನೆಯ ಶತಮಾನದಿಂದ ಇಂಗ್ಲೆಂಡಿನ ಹೊಲಗಳ ಇಳುವರಿ ಏರಿದ್ದರಲ್ಲಿ ಕ್ಲೋವರ್, ಬಟಾಣಿ ಮುಂತಾದ ದ್ವಿದಳ ಸಸ್ಯಗಳ ಪಾಲು ದೊಡ್ಡದು. ಇವುಗಳ ಬೇರು ಗಾಳಿಯಿಂದ ಸಾರಜನಕ ಪಡೆಯುತ್ತದೆ ಎಂಬುದನ್ನು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ತೋರಿಸಿದ್ದು 1886ರಲ್ಲಿ; ಹೊಲದ ಅನುಭವ ಮುಂದಿತ್ತು, ವಿವರಣೆ ಹಿಂದಿನಿಂದ ಬಂತು. ಆಮೇಲೆ ಕಾರ್ಖಾನೆಯ ಯುಗ ಬಂದಿತು. 2021ರಲ್ಲಿ ಅನಿಲದ ಬೆಲೆ ಏರಿದಾಗ ಚೆಷರ್‌ನ ಇನ್ಸ್ ಮತ್ತು ಟೀಸ್‌ಸೈಡ್‌ನ ಬಿಲ್ಲಿಂಗ್‌ಹ್ಯಾಮ್‌ನ ಗೊಬ್ಬರ ಕಾರ್ಖಾನೆಗಳು ಕೆಲಸ ನಿಲ್ಲಿಸಿದವು. ಮರುವರ್ಷ ಇನ್ಸ್ ಕಾರ್ಖಾನೆಯನ್ನು ಶಾಶ್ವತವಾಗಿ ಮುಚ್ಚುವುದಾಗಿ ಘೋಷಿಸಲಾಯಿತು. ಇದೇ ದೇಶದ ಸುಸ್ಥಿರ ಕೃಷಿ ಪ್ರೋತ್ಸಾಹ ಯೋಜನೆ, ದ್ವಿದಳ ಸಸ್ಯಗಳನ್ನು ಬಿತ್ತಿ ಹೊಲಕ್ಕೆ ಬಿಡುವು ಕೊಟ್ಟ ರೈತನಿಗೆ ಹೆಕ್ಟೇರಿಗೆ ವರ್ಷಕ್ಕೆ 593 ಪೌಂಡ್ ನಿಗದಿಪಡಿಸಿತು. ಅದೇ ಸರ್ಕಾರಿ ಯೋಜನೆ 2025ರ ಮಾರ್ಚ್ 11ರಂದು ಹೊಸ ಅರ್ಜಿಗಳಿಗೆ ಏಕಾಏಕಿ ಬಾಗಿಲು ಮುಚ್ಚಿತು. ಕೊಡುವುದೂ ನಿಲ್ಲಿಸುವುದೂ ರಾಜಕೀಯ ನಿರ್ಧಾರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ನಮ್ಮ ಬೇಡಿಕೆ ಏನಿರಬೇಕು? ಬಿತ್ತನೆಗೆ ಮೊದಲೇ ಘೋಷಿಸಿದ ಬೆಂಬಲ ಬೆಲೆಯಲ್ಲಿ ತೊಗರಿ, ಕಡಲೆ, ಹೆಸರು ಕಾಳುಗಳ ಖಚಿತ ಖರೀದಿ. ಅವರೆ, ಹುರುಳಿಗಳಿಗೂ ಅಂಥದೇ ಭದ್ರತೆ. ಅನ್ನಭಾಗ್ಯವನ್ನು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ; 2013ರಿಂದ ಅದು ಬಡವರ ಒಲೆ ಆರದಂತೆ ನೋಡಿಕೊಂಡಿದೆ. ಆ ಅಕ್ಕಿಯ ಜೊತೆ ರಾಜ್ಯದ ರೈತರಿಂದಲೇ ಕೊಂಡ ಬೇಳೆ ಪ್ರತಿ ತಿಂಗಳೂ ಬರಲಿ, ಬಂದು ಹೋಗುವ ಅತಿಥಿಯಂತಲ್ಲ. ಯೂರಿಯಾ ಬೆಲೆಯನ್ನು ರಾತ್ರೋರಾತ್ರಿ ಏರಿಸದೆ, ಬೇರು ಉಳಿಸಿಕೊಟ್ಟ ಸಹಾಯಧನದ ಒಂದು ಪಾಲನ್ನು ಅಕ್ಕಡಿ ಬಿತ್ತಿದವರಿಗೆ ಎಕರೆವಾರು ಕೊಡಲಿ. ಆ ಹಣ ಪಹಣಿಯಲ್ಲಿ ಹೆಸರಿಲ್ಲದ, ಗುತ್ತಿಗೆಗೆ ಉಳುವವರಿಗೂ ಹೆಂಗಸರಿಗೂ ತಲುಪಲಿ.

ಊರಿನಿಂದ ಮಂತ್ರಿಗಳು ಬಂದಾಗ ಇಲ್ಲಿನ ಸಂಘಗಳು ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಳ್ಳುತ್ತವೆ. ಮುಂದಿನ ಸಲ ಅವರಿಗೆ ಒಂದು ಪ್ರಶ್ನೆಯನ್ನೂ ಕೊಟ್ಟು ಕಳುಹಿಸೋಣ: ಚೀಲದ ಸಾರಜನಕಕ್ಕೆ ಇಷ್ಟು ಕೊಡುವ ನೀವು ಬೇರಿನ ಸಾರಜನಕಕ್ಕೆ ಎಷ್ಟು ಕೊಡುತ್ತೀರಿ?