ಹಂಚಿನ ಕೆಳಗಿದ್ದ ಸಭೆ

ಬಾಸೆಲ್ ಮಿಶನ್ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಿಗೆ ಒಂದು ಸಿದ್ಧ ದಾರಿಯಿದೆ. 1843ರ ‘ಮಂಗಳೂರ ಸಮಾಚಾರ’ದಿಂದ ಹೊರಟು, ಮೋಗ್ಲಿಂಗ್‌ಗೆ ಕೈಮುಗಿದು, 1894ರ ಕಿಟ್ಟೆಲ್ ನಿಘಂಟಿನ ಹತ್ತಿರ ಬಂದು ನಿಲ್ಲುತ್ತವೆ. ದೂರದೇಶದ ನಾಲ್ಕಾರು ಪಂಡಿತರು ಕನ್ನಡಕ್ಕೆ ಉಪಕಾರ ಮಾಡಿ ಹೋದರು, ಕತೆ ಮುಗಿಯಿತು. ಅವರು ಬಂದದ್ದು ನಿಘಂಟು ಬರೆಯಲಲ್ಲ, ಸಭೆ ಕಟ್ಟಲು. ಆ ಸಭೆಯಲ್ಲಿ ಕೂತವರು ಯಾರು ಎಂದು ಕೇಳುವ ಸೌಜನ್ಯವೂ ನಮಗಿಲ್ಲ.

ಮಂಗಳೂರಿನಲ್ಲಿ ಕೂತವರು ಹೆಚ್ಚಾಗಿ ಬಿಲ್ಲವರು, ಮನೆಯಲ್ಲಿ ತುಳು ಆಡುವವರು. 1834ರಲ್ಲಿ ಮಿಶನರಿಗಳು ಬಂದಾಗ ಅಲ್ಲಿ ಕ್ರೈಸ್ತರೆಂದರೆ ಕೊಂಕಣಿ ಮಾತಿನ ಕ್ಯಾಥೊಲಿಕರು. ಲೂಥರನ ಹಾದಿಯ ಈ ಹೊಸಬರು ಕ್ರೈಸ್ತರೊಳಗೂ ಅಲ್ಪಸಂಖ್ಯಾತರಾದರು. (ಅಪ್ಪಟ ಲೂಥರನ್ ಎನ್ನುವಂತಿಲ್ಲ; ಬಾಸೆಲ್‌ನಲ್ಲಿ ರಿಫಾರ್ಮ್ಡ್ ಧಾರೆಯೂ ಬೆರೆತಿತ್ತು.) ದೀಕ್ಷಾಸ್ನಾನ ಪಡೆದವನು ಕಳ್ಳು ಇಳಿಸುವ ಕಸುಬು ಬಿಡಬೇಕು, ಭೂತಾರಾಧನೆ ಬಿಡಬೇಕು. ಅಳಿಯಕಟ್ಟಿನ ಕುಟುಂಬದಲ್ಲಿ ಅವನಿಗೆ ಮತ್ತೆ ಎಲೆ ಹಾಕುವವರು ಯಾರು?

ಇಲ್ಲಿಗೆ ಬಂದಾಗ ಒಂದು ಹಳೆಯ ಚುಚ್ಚುಮಾತು ಕೇಳಿಬರುತ್ತದೆ: ಕಾರ್ಖಾನೆಯ ಕೂಲಿಗಾಗಿ ಜಾತಿ ಬಿಟ್ಟರು. ಇಸವಿಗಳನ್ನಾದರೂ ನೋಡಬಾರದೆ? ನೇಯ್ಗೆ ಕಾರ್ಖಾನೆ ಶುರುವಾದದ್ದು 1851ರಲ್ಲಿ. ಪ್ಲೆಬ್‌ಸ್ಟ್ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಜೆಪ್ಪುವಿನಲ್ಲಿ. ಸಭೆ ಅದಕ್ಕಿಂತ ಮೊದಲೇ ಇತ್ತು. ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಬೇಕಾಗಿ ಬಂದದ್ದರಿಂದ ಮಗ್ಗಗಳು ಬಂದವು. ಆಮೇಲೆ ಬಂದವರಲ್ಲಿ ಕೂಲಿಯನ್ನೂ ನೆನೆದು ಬಂದವರು ಇದ್ದಿರಬಹುದು. ಇದ್ದರೇನು? ಸಂಬಳಕ್ಕಾಗಿ ಊರು, ಉಡುಪು, ಮನೆಮಾತು ಎಲ್ಲ ಬದಲಿಸಿದ ನಾವು ಅವರನ್ನು ಆಡಿಕೊಳ್ಳುವುದು ಚೆಂದವೆ!

ಹಾಗೆಂದು ಚರ್ಚಿನ ಸ್ಮರಣಸಂಚಿಕೆಗಳ ಧಾಟಿಯೂ ನನಗೆ ಒಗ್ಗದು. ಅಲ್ಲಿ ಎಲ್ಲವೂ ಕೃಪೆ, ಎಲ್ಲವೂ ಸೇವೆ. ಪಾಪನಿವೇದನೆ ಕೇಳುವವರು, ಇರಲು ಮನೆ ಕೊಟ್ಟವರು, ವಾರದ ಕೂಲಿ ಎಣಿಸುವವರು ಮೂವರೂ ಒಂದೇ ಮನೆತನದವರಾದರೆ ಕೆಲಸಗಾರನು ಯಾರ ಮುಂದೆ ದೂರು ಹೇಳಬೇಕು? ಕುಡಿದದ್ದು ಪಾಪವೂ ಹೌದು, ಶಿಸ್ತಿನ ಉಲ್ಲಂಘನೆಯೂ ಹೌದು. ಆ ಇಕ್ಕಟ್ಟಿನಲ್ಲಿ ಮೂರು ತಲೆಮಾರು ಬದುಕಿತು. ಮೊದಲ ಮಹಾಯುದ್ಧ ಬಂತು, ಜರ್ಮನರನ್ನು ಸರಕಾರ ಬಂಧಿಸಿ ಕಳಿಸಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿಯ ಪಾಲಾದವು. ಪಾದ್ರಿಯೂ ಧಣಿಯೂ ಒಟ್ಟಿಗೇ ಹೋದ ಮೇಲೆ ಸಭೆ ಉಳಿಯಿತಲ್ಲ, ಅದನ್ನು ಉಳಿಸಿಕೊಂಡವರು ಹಂಚು ಸುಟ್ಟವರು, ನೂಲು ಸುತ್ತಿದವರು. ಕನ್ನಡದ ಕಾದಂಬರಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕಿತ್ತೆ?

ಕಿಟ್ಟೆಲ್ ನಿಘಂಟಿನ ಮೇಲೆ ಇನ್ನೊಂದು ವಿಚಾರಸಂಕಿರಣ ಏರ್ಪಡಿಸುವ ವಿಭಾಗಗಳಿಗೆ ನನ್ನ ತಕರಾರು ಇಷ್ಟೆ: ಆ ನಿಘಂಟಿಗೆ ಮೊಳೆ ಜೋಡಿಸಿದವರ, ಕರಡು ತಿದ್ದಿದವರ ಹೆಸರು ಹುಡುಕಲು ಒಬ್ಬ ವಿದ್ಯಾರ್ಥಿಯನ್ನಾದರೂ ಕಳಿಸಿ. ಮಂಗಳೂರಿನ ಬಲ್ಮಠದಲ್ಲಿ, ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೆಯ ಕಾಗದಪತ್ರಗಳಿವೆ.