ಕೈಗೆ ಸಿಕ್ಕವನು ಶತ್ರುವಲ್ಲ

ಗೃಹಸ್ಥನು ಹಿಂಸೆಯಿಂದ ಸಂಪೂರ್ಣವಾಗಿ ದೂರವಿರಲಾರನೆಂಬುದನ್ನು ನಮ್ಮ ಆಚಾರ್ಯರು ಬಲ್ಲರು. ಆದುದರಿಂದಲೇ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದರು. ಮನೆವಾರ್ತೆಯಲ್ಲಿ, ಕಸುಬಿನಲ್ಲಿ, ಮೇಲೇರಿ ಬಂದವನನ್ನು ತಡೆಯುವಲ್ಲಿ ಆಗುವ ಹಿಂಸೆ ಶ್ರಾವಕನಿಗೆ ಅನಿವಾರ್ಯವಾದೀತು. ಸಂಕಲ್ಪಪೂರ್ವಕವಾದ ಹಿಂಸೆ ಸರ್ವಥಾ ತ್ಯಾಜ್ಯ. ಯುದ್ಧಕ್ಕೆ ಹೊರಟವರೆಲ್ಲರೂ ತಮ್ಮದು ವಿರೋಧೀ ಹಿಂಸೆಯೆಂದೇ ಹೇಳುತ್ತಾರೆ. ಆದರೆ ಎದುರಾಳಿಯು ಆಯುಧವನ್ನು ಕೆಳಗಿಟ್ಟು ಸೆರೆಯಾದ ಮೇಲೆ ವಿರೋಧವೆಲ್ಲಿ ಉಳಿಯಿತು?

ಈ ಪ್ರಶ್ನೆಗೆ ಇತಿಹಾಸದ ಒಂದು ಪುಟ ಸಾಕ್ಷಿ ನುಡಿಯುತ್ತದೆ. 1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯಿತು. ಒಂದೇ ಭಾಷೆಯನ್ನಾಡುವ, ಒಂದೇ ಧರ್ಮಗ್ರಂಥವನ್ನು ಓದುವ ಜನರು ಪರಸ್ಪರ ಕಾದಾಡಿದರು. 1864ರ ಫೆಬ್ರವರಿಯಲ್ಲಿ ದಕ್ಷಿಣದವರು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಒಂದು ಸೆರೆಶಿಬಿರವನ್ನು ತೆರೆದರು. ಸುಮಾರು 10 ಸಾವಿರ ಜನರಿಗೆಂದು ಕಟ್ಟಿದ ಆ ಮರದ ಕೋಟೆಯೊಳಗೆ ಆಗಸ್ಟ್ ವೇಳೆಗೆ 32 ಸಾವಿರಕ್ಕೂ ಅಧಿಕ ಕೈದಿಗಳಿದ್ದರು. ತಲೆಯ ಮೇಲೆ ಸೂರಿಲ್ಲ. ಕುಡಿಯುವುದಕ್ಕೂ ಮಲಿನವನ್ನು ಸಾಗಿಸುವುದಕ್ಕೂ ಅದೇ ಒಂದು ಹಳ್ಳ. ಆಹಾರವೆಂದರೆ ಜರಡಿ ಹಿಡಿಯದ ಒರಟು ಜೋಳದ ಹಿಟ್ಟು. ಗೋಡೆಯ ಒಳಗಡೆ ಎಳೆದಿದ್ದ ‘ಸಾವಿನ ಗೆರೆ’ಯನ್ನು ದಾಟಿದವನಿಗೆ ಕಾವಲುಗಾರನ ಗುಂಡು. ಹದಿನಾಲ್ಕು ತಿಂಗಳಲ್ಲಿ ಅಲ್ಲಿಗೆ ಬಂದ ಸುಮಾರು 45 ಸಾವಿರ ಮಂದಿಯಲ್ಲಿ ಹತ್ತಿರಹತ್ತಿರ 13 ಸಾವಿರ ಮಂದಿ ಆಮಶಂಕೆ, ಅತಿಸಾರ, ಅಪೌಷ್ಟಿಕತೆಗಳಿಂದ ಸತ್ತರು.

ದಕ್ಷಿಣದಲ್ಲಿ ಆಗ ಧಾನ್ಯದ ಅಭಾವವಿತ್ತೆಂಬುದು ನಿಜ. ಆದರೆ ಉತ್ತರದಲ್ಲಿ ಅದೂ ಇರಲಿಲ್ಲ. ಆದರೂ ಅಲ್ಲಿಯ ಅಧಿಕಾರಿಗಳು ಪ್ರತೀಕಾರವೆಂದು ಕೈದಿಗಳ ಪಡಿಯನ್ನು ಕಡಿತಗೊಳಿಸಿದರು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಶಿಬಿರದಲ್ಲಿ ಸುಮಾರು 12 ಸಾವಿರ ಕೈದಿಗಳ ಪೈಕಿ ಹೆಚ್ಚುಕಡಿಮೆ 3 ಸಾವಿರ ಮಂದಿ ಅಸುನೀಗಿದರು. ಗುಲಾಮಗಿರಿಯ ಬಿಡುಗಡೆಗಾಗಿ ಹೋರಾಡಿದ ಪಕ್ಷವೂ ಬರಿಗೈಯ ಮನುಷ್ಯನ ಮುಂದೆ ತನ್ನ ಧರ್ಮವನ್ನು ಮರೆಯಿತು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಅತಿಭಾರವನ್ನು ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವೆಲ್ಲವೂ ನಮ್ಮ ವಶದಲ್ಲಿರುವ ಜೀವಕ್ಕೆ ನಾವು ಮಾಡಬಹುದಾದ ಅಪಚಾರಗಳೆಂಬುದನ್ನು ಗಮನಿಸಬೇಕು. ಅಧಿಕಾರ ಕೈಗೆ ಬಂದಾಗಲೇ ಅಹಿಂಸೆಯ ನಿಜವಾದ ಪರೀಕ್ಷೆ.

ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ಅಧ್ಯಾಪಕನಾಗಿದ್ದ ಆರಂಭದ ವರ್ಷಗಳಲ್ಲಿ, ಲೆಕ್ಕ ಮಾಡಿ ತಾರದ ಒಬ್ಬ ಹುಡುಗನನ್ನು ಮಧ್ಯಾಹ್ನದ ಊಟಕ್ಕೆ ಬಿಡದೆ ತರಗತಿಯಲ್ಲೇ ಕೂರಿಸಿದ್ದೆ. ಅದನ್ನು ಶಿಸ್ತೆಂದೇ ಭಾವಿಸಿದ್ದೆ. ಅದು ಅನ್ನಪಾನನಿರೋಧವೆಂದು ತಿಳಿದದ್ದು ಬಹುಕಾಲದ ಮೇಲೆ, ಸ್ವಾಧ್ಯಾಯದಲ್ಲಿ ಆ ಸೂತ್ರವನ್ನು ಓದುವಾಗ. ಸೆರೆಶಿಬಿರದ ಬೀಜ ನಮ್ಮೊಳಗೂ ಇದೆ; ಅದಕ್ಕೆ ಬೇಕಾದದ್ದು ಒಂದಿಷ್ಟು ಅಧಿಕಾರ, ಒಂದು ನೆಪ.

ಆಂಡರ್ಸನ್‌ವಿಲ್‌ನ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್ 10ರಂದು ಗಲ್ಲಿಗೇರಿಸಲಾಯಿತು. ತಾನು ಮೇಲಿನವರ ಆಜ್ಞೆಯನ್ನು ಪಾಲಿಸಿದೆನೆಂಬುದು ಅವನ ವಾದವಾಗಿತ್ತು. ಆದರೆ ಕೃತ, ಕಾರಿತ, ಅನುಮೋದಿತಗಳೆಂಬ ಮೂರರಿಂದಲೂ ಕರ್ಮಾಸ್ರವವಾಗುತ್ತದೆಂಬುದು ಜಿನವಾಣಿ. ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ, ದೂರದಲ್ಲಿದ್ದು ತಲೆದೂಗಿದವನೂ ಭಾಗಿಗಳು. ಇಂದು ಎಲ್ಲಿಯೋ ನಡೆಯುವ ಯುದ್ಧದ ಸುದ್ದಿಯನ್ನೋದಿ ‘ಅವರಿಗೆ ಹಾಗೆಯೇ ಆಗಬೇಕು’ ಎನ್ನುವ ನಾವೂ ಇದರಿಂದ ಹೊರತಲ್ಲ.

ಅದೇ ಶಿಬಿರದಲ್ಲಿ ಡಾರೆನ್ಸ್ ಅಟ್‌ವಾಟರ್ ಎಂಬ ತರುಣ ಕೈದಿ, ಸತ್ತವರ ಹೆಸರುಗಳನ್ನು ದಾಖಲಿಸುವ ಕೆಲಸದಲ್ಲಿದ್ದು, ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಬರೆದಿಟ್ಟನು. ಯುದ್ಧ ಮುಗಿದ ಮೇಲೆ ಕ್ಲಾರಾ ಬಾರ್ಟನ್ ಮುಂತಾದವರು ಅಲ್ಲಿಗೆ ಹೋಗಿ, ಆ ಪಟ್ಟಿಯ ನೆರವಿನಿಂದ ಬಹುಪಾಲು ಗೋರಿಗಳಿಗೆ ಹೆಸರಿನ ಗುರುತು ಹಾಕಿಸಿದರು. ಕರುಣೆಗೆ ಅಲ್ಲಿಯೂ ಅವಕಾಶವಿತ್ತು.

ಅಣ್ಣ ಭರತನನ್ನು ಮೇಲೆತ್ತಿದ ಬಾಹುಬಲಿಯು ಅವನನ್ನು ನೆಲಕ್ಕೆ ಬಡಿಯದೆ ಮೆಲ್ಲನೆ ಕೆಳಗಿಳಿಸಿದ ಕಥೆ ನಮಗೆ ಗೊತ್ತಿದೆ. ನಮ್ಮ ಕೈಯಲ್ಲಿಯೂ ನಿತ್ಯ ಯಾರೋ ಇರುತ್ತಾರೆ: ಮನೆಯ ಆಳು, ಅಪರಾಧ ಮಾಡಿದ ಮಗು, ಕಟ್ಟಿಹಾಕಿದ ಹಸು, ಸೋತ ದಾಯಾದಿ. ಇಂದಿನ ಪ್ರತಿಕ್ರಮಣದಲ್ಲಿ ಅವರನ್ನು ಒಮ್ಮೆ ನೆನೆಯೋಣ; ಮೆಲ್ಲನೆ ಕೆಳಗಿಳಿಸೋಣ.