ಮೊದಲ ಪಿಸಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು?

ಸ್ವಂತ ಕೈಯಾರೆ ಡೆಸ್ಕ್‌ಟಾಪ್ ಜೋಡಿಸಬೇಕು ಅನ್ನೋ ಸ್ನೇಹಿತರು ನನಗೆ ಮೊದಲು ಕಳಿಸೋದು ಗ್ರಾಫಿಕ್ಸ್ ಕಾರ್ಡಿನ ಫೋಟೋ. ನಾನು ತಿರುಗಿ ಕೇಳೋದು ಒಂದೇ: ಇದರಲ್ಲಿ ಎಷ್ಟು ಹೊತ್ತು ಆಟ, ಎಷ್ಟು ಹೊತ್ತು ಕೆಲಸ?

ಈ ಸಲ ಕೇಳಿದವನು ಚಿಕ್ಕಪ್ಪನ ಮಗ. ಯಲಹಂಕದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡ್ತಾನೆ, ರಾತ್ರಿ ಗೇಮ್ ಆಡ್ತಾನೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ತಡೆದು ತಡೆದು ಓಡುತ್ತೆ. ಡೆಲಿವರಿ ತಡವಾಗಿ ಎರಡು ಆರ್ಡರ್ ಕೈ ತಪ್ಪಿವೆ. ಈಗ ಕೈಯಲ್ಲಿರೋದು ಚೀಟಿ ಎತ್ತಿದ ದುಡ್ಡು. ಚಿಕ್ಕಪ್ಪ ಬೇರೆ, "ಆಟ ಆಡೋಕೆ ಇಷ್ಟೊಂದು ದುಡ್ಡಾ?" ಅಂತಿದ್ರು. ಹಾಗಾಗಿ ಒಂದೊಂದು ಪಾರ್ಟ್‌ಗೂ ಕಾರಣ ಬರೆದುಕೊಂಡೇ ಆರಿಸಿದೆವು.

ಮೊದಲು ನೋಡಿದ್ದು ಪಾರ್ಟ್ಸ್ ಅಲ್ಲ, ಕ್ಯಾಮೆರಾ. ಈಗಿನ ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳು 10 ಬಿಟ್, 4:2:2 ಬಣ್ಣದಲ್ಲಿ ಎಚ್.265 ವಿಡಿಯೋ ಉಳಿಸುತ್ತವೆ. ಫೈಲ್ ಚಿಕ್ಕದು, ಆದರೆ ಅದನ್ನು ಬಿಚ್ಚಿ ತೋರಿಸೋದು ಕಂಪ್ಯೂಟರ್‌ಗೆ ಭಾರೀ ಕೆಲಸ. ಇದಕ್ಕೆಂದೇ ಚಿಪ್‌ನಲ್ಲಿ ಒಂದು ಭಾಗ ಇದ್ದರೆ ಸಲೀಸು, ಇಲ್ಲದಿದ್ದರೆ ಎಷ್ಟು ಕೋರ್ ಇದ್ದರೂ ಒದ್ದಾಟ.

ಆ ಭಾಗ ಎರಡು ಕಡೆ ಸಿಗುತ್ತೆ. ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಇದೆ. ಎನ್‌ವಿಡಿಯಾದವರು 2025ರಲ್ಲಿ ತಂದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳಲ್ಲೂ ಈ 4:2:2 ಸೌಲಭ್ಯ ಬಂದಿದೆ. ಇಲ್ಲೊಂದು ಅಕ್ಷರದ ಆಟ ಗಮನಿಸಿ. ಐ5-14400 ಮತ್ತು 14400ಎಫ್ ಹೆಚ್ಚುಕಮ್ಮಿ ಒಂದೇ ಚಿಪ್. ಆದರೆ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಬರೀ ಆಟಕ್ಕಾದರೆ ಎಫ್ ಲಾಭ. ಎಡಿಟಿಂಗ್‌ಗೆ ಇಂಟೆಲ್ ತಗೊಳ್ಳೋದಾದರೆ ಎಫ್ ಬೇಡ.

ನಾವು ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಅಂತ ತೀರ್ಮಾನಿಸಿದ ಮೇಲೆ ಪ್ರೊಸೆಸರ್ ಆಯ್ಕೆ ಸಡಿಲವಾಯ್ತು. ಎಎಮ್‌ಡಿಯ ರೈಜೆನ್ 5 7600 ಹಿಡಿದೆವು. ಆರು ಕೋರ್, ಡಬ್ಬದಲ್ಲೇ ಕೂಲರ್ ಬರುತ್ತೆ. ಅದು ಕೂರುವ ಎಎಮ್5 ಸಾಕೆಟ್‌ಗೆ 2027 ಮತ್ತು ಆಮೇಲೂ ಬೆಂಬಲ ಇರುತ್ತೆ ಅಂತ ಎಎಮ್‌ಡಿ ಹೇಳಿದೆ. ನಾಳೆ ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಕಾಗಬಹುದು.

ಕಾರ್ಡ್ ಕೊಳ್ಳುವಾಗ ಹೆಸರಷ್ಟೇ ನೋಡಬೇಡಿ. ಆರ್‌ಟಿಎಕ್ಸ್ 5060 ಟಿಐ 8 ಜಿಬಿಯಲ್ಲೂ ಇದೆ, 16 ಜಿಬಿಯಲ್ಲೂ ಇದೆ. ಡಬ್ಬದ ಮೇಲೆ ದೊಡ್ಡ ಅಕ್ಷರದ ಹೆಸರು ಒಂದೇ. 4ಕೆ ಎಡಿಟಿಂಗ್, ಬ್ಲೆಂಡರ್ ಅಂತ ಹೋಗುವವರಿಗೆ 16 ಬೇಕು.

ಜೇಬಿಗೆ ನಿಜವಾದ ಏಟು ರ್‍ಯಾಮ್. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿ ಬೆಲೆ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥ ಗ್ರಾಹಕರಿಗೆ ಕ್ರೂಷಿಯಲ್ ಹೆಸರಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ಪ್ರಕಟಿಸಿತು. ಆದರೂ ಎಡಿಟಿಂಗ್‌ಗೆ 32 ಜಿಬಿಗಿಂತ ಕೆಳಗೆ ಇಳಿಯಲಿಲ್ಲ. 16ರ ಎರಡು ಕಡ್ಡಿ ಹಾಕಿದರೆ ಡ್ಯುಯಲ್ ಚಾನೆಲ್ ವೇಗವೂ ಸಿಗುತ್ತೆ.

ಆ ದುಡ್ಡು ಹೊಂದಿಸಲು ಬಣ್ಣದ ಲೈಟು, ಲಿಕ್ವಿಡ್ ಕೂಲರ್, ದುಬಾರಿ ಮದರ್‌ಬೋರ್ಡ್ ಮೂರನ್ನೂ ಹೊಡೆದು ಹಾಕಿದೆವು. "ಅಣ್ಣಾ, ಲೈಟ್ ಒಂದಾದ್ರೂ ಇರಲಿ" ಅಂದ. ಮೊದಲ ಸೀಸನ್ ದುಡಿದು ಹಾಕಿಸ್ಕೋ ಅಂದೆ. ಕ್ಯಾಬಿನೆಟ್ ಮಾತ್ರ ಮುಂದೆ ಜಾಲರಿ, ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರೋದೇ ತಗೊಂಡೆವು. ನಮ್ಮೂರಲ್ಲಿ ಸೆಕೆಗಿಂತ ಧೂಳಿನ ಕಾಟ ಜಾಸ್ತಿ. ಹೆಬ್ಬಾಳದ ಕಡೆ ಕಿಟಕಿ ತೆಗೆದಿಟ್ಟು ನೋಡಿ, ಗೊತ್ತಾಗುತ್ತೆ.

ಎಲ್ಲಿ ಜಿಪುಣತನ ಸಲ್ಲದು ಅಂದರೆ ಎಸ್‌ಎಂಪಿಎಸ್. 5060 ಟಿಐಗೆ ಎನ್‌ವಿಡಿಯಾ ಹೇಳೋದು 600 ವ್ಯಾಟ್. ನಾವು 650 ಹಾಕಿದೆವು, ಕ್ಯಾಬಿನೆಟ್ ಜತೆ ಪುಕ್ಕಟೆ ಬರುವಂಥದ್ದಲ್ಲ. ಅದರ ಪಕ್ಕಕ್ಕೆ ಒಂದು ಯುಪಿಎಸ್. ಸಾಮಾನ್ಯ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್ ಅಷ್ಟೇ. ಮಾನಿಟರ್ ಸೇರಿದರೆ ಬಿಗಿ, ಹಾಗಾಗಿ 1000 ವಿಎ. ರೆಂಡರ್ ಅರ್ಧಕ್ಕೆ ನಿಂತ ಕಥೆ ಕೇಳಿದ್ದ ಚಿಕ್ಕಪ್ಪ ಪಟ್ಟಿಯಲ್ಲಿ ಮರುಮಾತಿಲ್ಲದೆ ಒಪ್ಪಿದ್ದು ಈ ಸಾಲನ್ನೇ.

ಇನ್ನೊಂದು ಸಾಲು ಅವರೇ ಸೇರಿಸಿದರು: ಎರಡನೇ ಹಾರ್ಡ್ ಡಿಸ್ಕ್. ಎನ್‌ವಿಎಂಇ ಎಸ್‌ಎಸ್‌ಡಿ ಮೇಲೆ ಈಗಿನ ಕೆಲಸ, ಮುಗಿದ ಫೂಟೇಜ್ ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ. ಪ್ರೊಸೆಸರ್ ಸುಟ್ಟರೆ ಇನ್ನೊಂದು ತರಬಹುದು. ಯಾರದೋ ಮನೆಯ ಧಾರೆ ಶಾಟ್ ಹೋದರೆ ಮತ್ತೆ ಧಾರೆ ಎರೆಸೋಕಾಗುತ್ತಾ?

ಖರೀದಿಗೆ ಎಸ್.ಪಿ. ರೋಡೇ. ಯಶವಂತಪುರದವರಿಗೆ ಹಸಿರು ಮೆಟ್ರೋದಲ್ಲಿ ನೇರ ಚಿಕ್ಕಪೇಟೆ. ಯಲಹಂಕ, ಆರ್.ಟಿ. ನಗರದವರು ಮೆಜೆಸ್ಟಿಕ್‌ಗೆ ಬಸ್ ಹಿಡಿದರೆ ಅಲ್ಲಿಂದ ಒಂದೇ ಸ್ಟೇಷನ್. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಿಗ್ಗೆ ಹೋಗಿ. ಹಿಂದಿನ ರಾತ್ರಿಯೇ ಆನ್‌ಲೈನ್ ಬೆಲೆ ಬರೆದುಕೊಂಡು, ಮೂರು ಅಂಗಡಿಯಲ್ಲಿ ಕೊಟೇಶನ್ ಕೇಳಿ. ಪೂರ್ತಿ ಸೆಟ್‌ಗೆ ಒಂದೇ ರೇಟ್ ಹೇಳಿದರೆ ಒಪ್ಪಬೇಡಿ, ಪಾರ್ಟ್‌ವಾರು ಬರೆಸಿ.

ಎಲ್ಲೇ ಕೊಂಡರೂ "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀವಿ" ಅನ್ನೋ ಮಾತಿಗೆ ಮರುಳಾಗಬೇಡಿ. ಶೇ 18 ಜಿಎಸ್‌ಟಿ ಉಳಿದ ಹಾಗೆ ಕಾಣುತ್ತೆ, ಆದರೆ ಕಾರ್ಡ್ ಕೈಕೊಟ್ಟ ದಿನ ವಾರಂಟಿ ಕೇಳಲು ನಿಮ್ಮ ಬಳಿ ಕಾಗದವೇ ಇರಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದೆಯಾ ಅಂತ ಕೌಂಟರ್‌ನಲ್ಲೇ ಡಬ್ಬಕ್ಕೆ ಹೋಲಿಸಿ, ಫೋನ್‌ನಲ್ಲಿ ಫೋಟೋ ತೆಗೆದಿಡಿ.

ಜೋಡಿಸುವ ಕೆಲಸ ಮುಂದಿನ ಸಲ. ಅಲ್ಲಿವರೆಗೆ ಡಬ್ಬಗಳನ್ನು ರದ್ದಿಗೆ ಹಾಕಬೇಡಿ.